ಗುಂಡಿಯೊಳಗಣ ಮೊಸಳೆ, ಕೂದಲಿನ ಹಗ್ಗ: ಕನ್ನಡನಾಡಿನ ಹೊಸ ಕಲೆಯ ದ್ರವ್ಯವಿಚಾರ

ಚಿತ್ರವೆಂದರೆ ಚೌಕಟ್ಟಿನೊಳಗಣ ಬಣ್ಣ, ಶಿಲ್ಪವೆಂದರೆ ಕಲ್ಲು ಅಥವಾ ಕಂಚು ಎಂಬ ಎಣಿಕೆ ನಮ್ಮ ಸುಶಿಕ್ಷಿತ ವರ್ಗದಲ್ಲಿ ಇಂದಿಗೂ ಬಲವಾಗಿಯೇ ಇದೆ. ಬೇಲೂರು ಹಳೇಬೀಡುಗಳ ನೆನಪನ್ನು ಬುತ್ತಿಯಂತೆ ಕಟ್ಟಿಕೊಂಡು ಪರಸ್ಥಳಗಳಲ್ಲಿ ನೆಲಸಿದ ಕನ್ನಡಿಗನಿಗೆ ಈ ಎಣಿಕೆ ಸಹಜವೂ ಹೌದು. ಆದುದರಿಂದಲೇ ರಸ್ತೆಯ ಗುಂಡಿ, ಡಾಂಬರಿನ ಪೀಪಾಯಿ, ಕೂದಲಿನ ಹಗ್ಗ, ವೇಷ ಹಾಕಿ ತೆಗೆಸಿಕೊಂಡ ಛಾಯಾಚಿತ್ರ ಇವನ್ನು ಕಲೆಯೆಂದು ತೋರಿಸಿದಾಗ ಅವನು ಒಂದೋ ನಕ್ಕು ಮುಂದೆ ಸಾಗುತ್ತಾನೆ, ಇಲ್ಲವೇ ಇದೆಲ್ಲ ಪಶ್ಚಿಮದ ಆಮದು ಸರಕೆಂದು ತೀರ್ಮಾನಿಸುತ್ತಾನೆ. ಎರಡನೆಯದು ಹೆಚ್ಚು ತಪ್ಪಾದ ತೀರ್ಮಾನ. ಈ ಕಲೆಯ ರೂಪ ಹೊರಗಿನಿಂದ ಬಂದಿರಬಹುದು. ದ್ರವ್ಯ ಮಾತ್ರ ಅಪ್ಪಟ ನಮ್ಮ ಬೀದಿಯದು, ನಮ್ಮ ಮನೆಯದು. ಆ ದ್ರವ್ಯವನ್ನು ಮೊದಲೇ ಬಲ್ಲವನಿಗೆ ಕೃತಿ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಕನ್ನಡನಾಡಿನ ಮೂವರು ಸಮಕಾಲೀನ ಕಲಾವಿದರ ಕೆಲಸವನ್ನು ನೋಡಿದರೆ ಈ ಮಾತು ವಿಶದವಾಗುತ್ತದೆ.

೨೦೧೫ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ಮುಖ್ಯ ರಸ್ತೆಯ ಗುಂಡಿಯೊಂದರಲ್ಲಿ ಒಂದು ಮೊಸಳೆ ಕಾಣಿಸಿಕೊಂಡಿತು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿಯವರು ಬಹುಕಾಲದಿಂದ ಬಾಯ್ದೆರೆದಿದ್ದ ಆ ಗುಂಡಿಯನ್ನು ಹಸಿರು ಕೊಳದಂತೆ ಮಾಡಿ, ನಿಜಗಾತ್ರದ ಕೃತಕ ಮೊಸಳೆಯನ್ನು ಅದರಲ್ಲಿ ಇರಿಸಿದ್ದರು. ಜನ ನೆರೆದರು, ಪತ್ರಿಕೆಗಳು ಬರೆದವು, ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಿತು. ಇಲ್ಲಿ ಗಮನಿಸತಕ್ಕುದು ಮೊಸಳೆಯ ಶಿಲ್ಪಗುಣವನ್ನಲ್ಲ. ಮಳೆಗಾಲದಲ್ಲಿ ಆ ದಾರಿಯಾಗಿ ದಿನವೂ ಹಾಯುವವನಿಗೆ ಗುಂಡಿ ಕಣ್ಣಿಗೆ ಬೀಳುವುದನ್ನೇ ಬಿಟ್ಟಿರುತ್ತದೆ. ರೂಢಿ ಅದನ್ನು ಅದೃಶ್ಯವಾಗಿಸಿರುತ್ತದೆ. ಮೊಸಳೆ ಅದನ್ನು ಮರಳಿ ಕಾಣುವಂತೆ ಮಾಡಿತು. ಕೃತಿ ಸಫಲವಾದ ದಿನವೇ ಅದಕ್ಕೆ ನೆಲೆಯಿಲ್ಲವಾಯಿತೆಂಬುದು ಇಂತಹ ಕಲೆಯ ವಿಚಿತ್ರ ಧರ್ಮ. ಉಳಿದದ್ದು ಛಾಯಾಚಿತ್ರ ಮಾತ್ರ.

ನಾಲ್ಕು ವರ್ಷಗಳ ಅನಂತರ, ೨೦೧೯ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-೨ರ ಇಳಿಯುವಿಕೆಯನ್ನು ದೇಶವೆಲ್ಲ ಕಾಯುತ್ತಿದ್ದಾಗ ಅದೇ ಕಲಾವಿದರು ಹೇರೋಹಳ್ಳಿಯ ಕಡೆಯ ಹಾಳುಬಿದ್ದ ರಸ್ತೆಯೊಂದನ್ನು ರಾತ್ರಿಯ ಬೆಳಕಿನಲ್ಲಿ ಚಿತ್ರೀಕರಿಸಿದರು. ಗಗನಯಾತ್ರಿಯ ಉಡುಪಿನ ನಟನೊಬ್ಬ ಕುಳಿಗಳ ನಡುವೆ ತೂಗುಹೆಜ್ಜೆ ಹಾಕುತ್ತಾನೆ. ನೋಡುವವನು ಚಂದ್ರನ ನೆಲವೆಂದೇ ನಂಬುತ್ತಿರುವಾಗ ಪಕ್ಕದಲ್ಲಿ ಒಂದು ಆಟೋರಿಕ್ಷಾ ಹಾದುಹೋಗುತ್ತದೆ. ಮೊಸಳೆಗಿಂತ ಇದು ಮೇಲಾದ ಕೃತಿ ಎನ್ನಬೇಕು. ಮೊಸಳೆಯಲ್ಲಿ ವಿನೋದ ಒಂದೇ ನೋಟಕ್ಕೆ ಮುಗಿಯುತ್ತದೆ. ಇಲ್ಲಿ ನೋಡುವವನ ನಂಬಿಕೆಯೇ ಕೆಲವು ಕ್ಷಣ ಕೃತಿಯ ದ್ರವ್ಯವಾಗಿ, ಅನಂತರ ಒಡೆಯುತ್ತದೆ. ಕ್ಯಾಮರಾ ಸುಳ್ಳಾಡಬಲ್ಲದೆಂಬುದು ಇಲ್ಲಿ ಕ್ಯಾಮರಾದಿಂದಲೇ ಹೊರಬೀಳುತ್ತದೆ.

ಈ ಕಡೆಯ ಸಂಗತಿಯನ್ನು ಎರಡು ದಶಕಗಳಿಗೂ ಹಿಂದೆಯೇ ಕೈಗೆತ್ತಿಕೊಂಡವರು ೧೯೫೬ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಎನ್. ಪುಷ್ಪಮಾಲಾ. ಬರೋಡೆಯಲ್ಲಿ ಶಿಲ್ಪವನ್ನು ಅಭ್ಯಾಸಮಾಡಿ, ಶಿಲ್ಪಕ್ಕಾಗಿಯೇ ಮನ್ನಣೆ ಪಡೆದಿದ್ದ ಇವರು ತೊಂಬತ್ತರ ದಶಕದಲ್ಲಿ ತಮ್ಮ ದೇಹವನ್ನೇ ದ್ರವ್ಯವಾಗಿಸಿಕೊಂಡು ಛಾಯಾಚಿತ್ರಕ್ಕೆ ಹೊರಳಿದರು. ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ (೧೯೯೬-೯೮) ಎಂಬ ಕಪ್ಪುಬಿಳುಪಿನ ಚಿತ್ರಮಾಲೆ ಮುಂಬಯಿಯಲ್ಲಿ ರೂಪುಗೊಂಡಿತು. ‘ಹಂಟರ್‌ವಾಲಿ’ (೧೯೩೫) ಚಿತ್ರದ ನಾದಿಯಾಳನ್ನು ನೆನಪಿಸುವ ಮುಖವಾಡದ ವೀರಾಂಗನೆ ಆ ಊರಿನಲ್ಲಿ ಕತ್ತಲ ಸಾಹಸಗಳಿಗೆ ಹೊರಡುತ್ತಾಳೆ. ಮುಂಬಯಿಯ ಕನ್ನಡಿಗರು ಅದರಲ್ಲಿ ತಮ್ಮ ನಗರವನ್ನೇ ಚಲಚ್ಚಿತ್ರದ ಕನಸಾಗಿ ಕಾಣಬಹುದು.

ಅದಕ್ಕಿಂತ ಗಹನವಾದುದು, ಬೆಂಗಳೂರಿನಲ್ಲಿ ನೆಲಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ೨೦೦೦ದಿಂದ ೨೦೦೪ರವರೆಗೆ ಮಾಡಿದ ‘ದಕ್ಷಿಣ ಭಾರತದ ದೇಶೀಯ ಸ್ತ್ರೀಯರು: ಆಚಾರ ಮತ್ತು ಸಂಪ್ರದಾಯಗಳು’ ಎಂಬ ಯೋಜನೆ. ಹೆಸರೇ ವಸಾಹತುಕಾಲದ ಜನಾಂಗವರ್ಣನೆಯ ಗ್ರಂಥಗಳ ಅಣಕ. ಇದರಲ್ಲಿ ಪುಷ್ಪಮಾಲಾ ಅವರು ರವಿವರ್ಮನ ಲಕ್ಷ್ಮಿಯಾಗಿ, ಆದಿಲಶಾಹಿ ಕಾಲದ ಬಿಜಾಪುರದ ಕುಂಚದಿಂದ ಹೊರಟು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಯೋಗಿನಿಯಾಗಿ, ಅಳತೆಯ ಚೌಕಳಿಯ ಮುಂದೆ ನಿಂತ ತೋಡ ಹೆಂಗಸಾಗಿ, ವೃತ್ತಪತ್ರಿಕೆಯಲ್ಲಿ ಅಚ್ಚಾದ ಅಪರಾಧಿಯಾಗಿ ಒಂದೊಂದೇ ವೇಷದಲ್ಲಿ ನಿಲ್ಲುತ್ತಾರೆ. ಹಿಂದಣ ಪರದೆ, ಆಭರಣ, ಭಂಗಿ ಎಲ್ಲವೂ ಮೂಲಕ್ಕೆ ಹೊಂದುತ್ತವೆ. ಕಣ್ಣೊಂದು ಮಾತ್ರ ಹೊಂದುವುದಿಲ್ಲ. ರವಿವರ್ಮನ ಲಕ್ಷ್ಮಿ ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಅವನ ಮುದ್ರಣಾಲಯದ ಮೂಲಕ ಮನೆಮನೆಯ ದೇವರ ಗೂಡನ್ನು ಸೇರಿದಳೆಂಬುದು ಎಲ್ಲರೂ ಬಲ್ಲ ವಿಷಯ. ಅದೇ ದೇವಿಯ ಮುಖವನ್ನೂ ಅಳತೆಗೋಲಿನ ಮುಂದೆ ನಿಲ್ಲಿಸಲ್ಪಟ್ಟ ಗಿರಿಜನ ಸ್ತ್ರೀಯ ಮುಖವನ್ನೂ ಒಬ್ಬಳೇ ಧರಿಸಿದಾಗ, ಪೂಜೆಗೆ ಒಳಗಾದವಳೂ ಪರೀಕ್ಷೆಗೆ ಒಳಗಾದವಳೂ ಇಬ್ಬರೂ ಪರರ ಕಣ್ಣಿಗಾಗಿ ಸಿದ್ಧಪಡಿಸಿದವರೆಂಬ ಅರಿವು ನೋಡುವವನನ್ನು ತುಸು ನಾಚಿಸುತ್ತದೆ. ಕ್ಯಾಲೆಂಡರಿನ ಲಕ್ಷ್ಮಿಗೆ ಎಂದೂ ಕೈಮುಗಿಯದ ಪ್ರೇಕ್ಷಕನಿಗೆ ಈ ನಾಚಿಕೆ ಪೂರ್ತಿ ತಟ್ಟಲಾರದು.

ಇಲ್ಲಿಂದ ಮತ್ತೆ ರಸ್ತೆಗೇ ಬರಬೇಕು; ಏಕೆಂದರೆ ಮೂವರಲ್ಲಿ ಅತ್ಯಂತ ಆಳವುಳ್ಳ ಶೀಲಾ ಗೌಡ ಅವರ ಒಂದು ಮುಖ್ಯ ಕೃತಿ ಡಾಂಬರಿನಿಂದಾದುದು. ೧೯೫೭ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಇವರು ಬೆಂಗಳೂರಿನಲ್ಲಿ ಆರ್. ಎಂ. ಹಡಪದರ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಇವುಗಳಲ್ಲಿ ಚಿತ್ರಕಲೆಯನ್ನು ಕಲಿತರು. ೧೯೯೨-೯೩ರ ಮುಂಬಯಿಯ ಕೋಮುಗಲಭೆಗಳ ಕಾಲಕ್ಕೆ ತೈಲವರ್ಣ ಸಾಲದೆನಿಸಿ ಸೆಗಣಿಯತ್ತ ತಿರುಗಿದರು. ಅಂಗಳ ಸಾರಿಸುವ, ಒಲೆ ಉರಿಸುವ, ಪವಿತ್ರವೆಂದೂ ಎನಿಸಿಕೊಳ್ಳುವ ಆ ವಸ್ತು ಅಂದಿನ ದಿನಗಳಲ್ಲಿ ಎಷ್ಟು ಅರ್ಥಗಳನ್ನು ಹೊತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ೨೦೦೬ರ ‘ಡಾರ್ಕ್‌ರೂಮ್’ ಎಂಬ ಕೃತಿಯಲ್ಲಿ ಡಾಂಬರಿನ ಪೀಪಾಯಿಗಳನ್ನೂ ಅವನ್ನು ಸೀಳಿ ಬಡಿದ ತಗಡುಗಳನ್ನೂ ಜೋಡಿಸಿ ಒಂದು ಕೋಣೆ ಕಟ್ಟಿದ್ದಾರೆ. ರಸ್ತೆಗೆಲಸದ ಕೂಲಿಗಳು ಇದೇ ತಗಡಿನಲ್ಲಿ ಬಿಡಾರ ಹೂಡುವುದನ್ನು ಯಾವ ಹೆದ್ದಾರಿಯಲ್ಲಾದರೂ ನೋಡಬಹುದಾಗಿತ್ತು. ಹೊರಗಿನಿಂದ ಕಂಬಗಳ ಸಾಲುಳ್ಳ ಕೋಟೆಯಂತೆ ತೋರುವ ಈ ಗೂಡನ್ನು ಬಗ್ಗಿ ಹೊಕ್ಕು ತಲೆಯೆತ್ತಿದರೆ, ಚಾವಣಿಯ ರಂಧ್ರಗಳಿಂದ ಬೆಳಕು ನಕ್ಷತ್ರಗಳಂತೆ ಮಿನುಗುತ್ತದೆ. ದಾರಿಯ ಗುಂಡಿಯನ್ನು ಶಪಿಸುವ ನಾಗರಿಕನಿಗೆ ದಾರಿ ಹಾಕಿದವನ ರಾತ್ರಿ ಇಲ್ಲಿ ಎದುರಾಗುತ್ತದೆ.

‘ಅವನಿಗೆ ನನ್ನ ನೋವನ್ನು ಹೇಳು’ ಎಂಬರ್ಥದ ಹೆಸರಿನ ೧೯೯೮ರ ಕೃತಿಯಲ್ಲಿ ಇರುವುದು ದಾರ, ಸೂಜಿ, ಅಂಟು, ಕುಂಕುಮ ಇಷ್ಟೇ. ನೂರಾರು ಅಡಿ ಉದ್ದದ ದಾರಗಳನ್ನು ಸೂಜಿಯ ಕಣ್ಣಿನಲ್ಲಿ ಕೈಯಿಂದಲೇ ಎಳೆದು, ಒಟ್ಟುಗೂಡಿಸಿ, ಕುಂಕುಮದಿಂದ ಕೆಂಪಾಗಿಸಿದ ಹುರಿ ಗೋಡೆಯಿಂದ ನೆಲಕ್ಕೆ ಇಳಿದು ಸುರುಳಿಗೊಳ್ಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಮನೆಯೊಳಗೆ ಲೆಕ್ಕಕ್ಕೇ ಬಾರದೆ ಹೋದ ಹೆಣ್ಣಿನ ದುಡಿಮೆಯ ಉದ್ದವನ್ನು ಕಣ್ಣಿಗೆ ಅಳೆದು ತೋರಿಸಿದ ಕೃತಿ ನಮ್ಮಲ್ಲಿ ಬೇರೊಂದಿಲ್ಲ.

ಇಂತಹ ಕೃತಿಗಳಿಗೆ ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂಬ ಹೆಸರು ರೂಢಿಗೆ ಬಂದಿದೆ. ದೇವರನ್ನು ಸ್ಥಿರವಾಗಿ ನಿಲ್ಲಿಸುವ ಮಾತನ್ನು, ಕೆಲವು ವಾರಗಳಲ್ಲಿ ಬಿಚ್ಚಿಡುವ ಕಲೆಗೆ ಅಂಟಿಸಿದ್ದು ಸರಿಯೇ ಎಂದು ಆಕ್ಷೇಪಿಸಬಹುದು. ಆದರೆ ಗಣಪತಿಯನ್ನೂ ನಾವು ಪ್ರತಿಷ್ಠಾಪಿಸಿಯೇ ನೀರಿಗೆ ಬಿಡುತ್ತೇವಷ್ಟೆ.

ಶೀಲಾ ಗೌಡರ ‘ಬಿಹೋಲ್ಡ್’ ೨೦೦೯ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಅನಂತರ ಲಂಡನ್ನಿನ ಟೇಟ್ ಸಂಗ್ರಹವನ್ನು ಸೇರಿತು. ಸುಮಾರು ೪,೦೦೦ ಮೀಟರ್ ಉದ್ದದ ಮಾನವಕೇಶದ ಹಗ್ಗ, ಇಪ್ಪತ್ತರಷ್ಟು ಉಕ್ಕಿನ ಕಾರು ಬಂಪರುಗಳು ಇದರ ಸಾಮಗ್ರಿ. ಹರಕೆ ಹೊತ್ತವರು ದೇವಸ್ಥಾನಗಳಲ್ಲಿ ಮುಡಿ ಕೊಡುತ್ತಾರೆ. ಉದ್ದನೆಯ ಕೂದಲು ಕೃತಕಕೇಶದ ವ್ಯಾಪಾರಕ್ಕೆ ಹೊರಟು ದೇಶಾಂತರ ಹೋಗುತ್ತದೆ. ಅದಕ್ಕೆ ಒದಗದ ಗಿಡ್ಡಕೂದಲನ್ನು ಹೊಸೆದು ಹಗ್ಗಮಾಡಿ, ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳ ಬಂಪರಿಗೆ ಕಟ್ಟುತ್ತಾರೆ. ಭಕ್ತಿ, ವ್ಯಾಪಾರ, ಭಯ ಈ ಮೂರೂ ಒಂದೇ ಎಳೆಯಲ್ಲಿ ಹೊಸೆದುಕೊಂಡಿವೆ. ಲಂಡನ್ನಿನ ಪ್ರೇಕ್ಷಕ ಈ ವೃತ್ತಾಂತವನ್ನು ಗೋಡೆಯ ಫಲಕದಲ್ಲಿ ಓದಿ ತಿಳಿಯಬೇಕು. ಯಾವುದೋ ಲಾರಿಯ ಹಿಂದೆ ಸಿಕ್ಕಿಕೊಂಡು ಆ ಕರಿಯ ಹಗ್ಗವನ್ನು ಹತ್ತಾರು ಸಲ ನೋಡಿಯೂ ನೋಡದಿದ್ದ ಕನ್ನಡಿಗನಿಗೆ ಫಲಕ ಬೇಕಿಲ್ಲ. ಆದರೆ ಅವನು ತಡೆದು ನಿಲ್ಲುವುದು ಮತ್ತೊಂದು ಕಾರಣಕ್ಕೆ. ಬೀದಿಯಲ್ಲಿ ಬಂಪರು ಹಗ್ಗವನ್ನು ಹೊತ್ತಿರುತ್ತದೆ. ಇಲ್ಲಿ ಉಕ್ಕಿನ ಭಾರವೆಲ್ಲವೂ ಕೂದಲಿನ ಹಗ್ಗಕ್ಕೆ ಜೋತುಬಿದ್ದಿದೆ.