ಹೊರೆ ಹೊತ್ತು ಗಡಿಯನ್ನುಳಿಸಿದವರು

ಯುದ್ಧವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಬಂದೂಕು ಹಿಡಿದು ಮುನ್ನುಗ್ಗುವ ವೀರನ ಚಿತ್ರ. ಆ ವೀರನ ಬಂದೂಕಿಗೆ ಮದ್ದುಗುಂಡನ್ನೂ ಹೊಟ್ಟೆಗೆ ಅನ್ನವನ್ನೂ ಬೆನ್ನ ಮೇಲೆ ಹೊತ್ತು ತಂದವನ ಚಿತ್ರ ಮಾತ್ರ ನಮಗೆ ತೋರುವುದಿಲ್ಲ. ಮನೆಯಲ್ಲಿಯೂ ಹೀಗೆಯೇ ಅಲ್ಲವೆ? ಪಂಕ್ತಿಯಲ್ಲಿ ಕುಳಿತು ಉಂಡವರು ಅಡುಗೆಯ ರುಚಿಯನ್ನು ನೆನೆಯುತ್ತಾರೆ. ನೀರು ಹೊತ್ತವರನ್ನು, ಕಟ್ಟಿಗೆ ತಂದವರನ್ನು ನೆನೆಯುವವರು ವಿರಳ. ಇಂದು ಲಡಾಖಿನ ಲೇಹ್ ಪಟ್ಟಣ ಭಾರತದ ನೆಲದಲ್ಲಿ ಉಳಿದಿದ್ದರೆ ಅದಕ್ಕೆ ಬಹುಮಟ್ಟಿಗೆ ಹೊರೆ ಹೊತ್ತವರೇ ಕಾರಣರು. ಅವರನ್ನು ಸ್ಮರಿಸುವುದು ಈ ಲೇಖನದ ಉದ್ದೇಶ.

1947ರ ಅಕ್ಟೋಬರಿನಲ್ಲಿ ದಾಳಿಕೋರರು ಕಾಶ್ಮೀರವನ್ನು ಹೊಕ್ಕರು. ಕೆಲವೇ ದಿನಗಳಲ್ಲಿ ಗಿಲ್ಗಿಟ್ ಕೈಬಿಟ್ಟು ಹೋಯಿತು. ಅಲ್ಲಿಂದ ಶತ್ರುಪಡೆಗಳು ಸಿಂಧೂ ಕಣಿವೆಯನ್ನು ಹಿಡಿದು ಸ್ಕರ್ದು, ಕಾರ್ಗಿಲ್, ಲೇಹ್‌ಗಳತ್ತ ಕಣ್ಣಿಟ್ಟವು. ಲೇಹ್ ಸಮುದ್ರಮಟ್ಟದಿಂದ 11,000 ಅಡಿಗೂ ಎತ್ತರದಲ್ಲಿರುವ ಊರು. ಅದನ್ನು ಕಾಯುತ್ತಿದ್ದದ್ದು ಸಂಸ್ಥಾನದ ಸೇನೆಯ ಬೆರಳೆಣಿಕೆಯ ಸಿಪಾಯಿಗಳು. ಶ್ರೀನಗರದಿಂದ ಅಲ್ಲಿಗೆ ಮೋಟಾರು ರಸ್ತೆಯಿರಲಿಲ್ಲ, ವಿಮಾನ ಇಳಿಯುವ ಬಯಲೂ ಇರಲಿಲ್ಲ. ಇದ್ದದ್ದು ಜೋಜಿಲಾ ಕಣಿವೆಯ ಕಾಲುದಾರಿಯೊಂದೇ. ಚಳಿಗಾಲದಲ್ಲಿ ಅದೂ ಹಿಮದಡಿಯಲ್ಲಿ ಹೂತುಹೋಗುತ್ತಿತ್ತು.

ಆ ಕಡುಚಳಿಯಲ್ಲಿ ಲೇಹ್‌ಗೆ ಹೋಗಬಲ್ಲವರು ಯಾರು? ಮುಂದೆ ಬಂದವರು ಡೋಗ್ರಾ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನಲ್ಲಿದ್ದ ಲಾಹೌಲ್ ಕಣಿವೆಯವರು. ಹಿಮದ ನಡುವೆಯೇ ಹುಟ್ಟಿ ಬೆಳೆದವರು; ಲಡಾಖಿಗಳಂತೆಯೇ ಬೌದ್ಧರು. ಪೃಥೀ ಚಂದ್ ಹಾಗೂ ಖುಶಾಲ್ ಚಂದ್ ಎಂಬ ಅಧಿಕಾರಿಗಳ ನೇತೃತ್ವದಲ್ಲಿ ಸುಮಾರು ನಲವತ್ತು ಸ್ವಯಂಸೇವಕರು 1948ರ ಫೆಬ್ರವರಿ ನಡುವಿನಲ್ಲಿ ಶ್ರೀನಗರವನ್ನು ಬಿಟ್ಟರು. ಲಡಾಖಿನ ಜನರನ್ನು ಸಜ್ಜುಗೊಳಿಸಲು ಬಂದೂಕುಗಳನ್ನೂ ಮದ್ದುಗುಂಡುಗಳನ್ನೂ ಒಯ್ಯುತ್ತಿದ್ದರು. ಹಿಮಪಾತದ ಭಯ ಹೆಜ್ಜೆಹೆಜ್ಜೆಗೂ ಇದ್ದ ಜೋಜಿಲಾವನ್ನು ದಾಟಿ, ದ್ರಾಸ್, ಕಾರ್ಗಿಲ್‌ಗಳನ್ನು ಹಾಯ್ದು, ಮಾರ್ಚ್ ತಿಂಗಳಿನಲ್ಲಿ ಅವರು ಲೇಹ್ ಸೇರಿದರು.

ಅವರು ತಂದ ಬಂದೂಕುಗಳು ವ್ಯರ್ಥವಾಗಲಿಲ್ಲ. ಊರಿನ ತರುಣರು ತರಬೇತಿಗೆ ಸಾಲುಗಟ್ಟಿದರು. ಹಾಗೆ ಬಂದವರಲ್ಲಿ ಹದಿನೇಳು ವರ್ಷದ ಚೆವಾಂಗ್ ರಿಂಚೆನ್ ಒಬ್ಬ. ನುಬ್ರಾ ಕಣಿವೆಯನ್ನು ಕಾಯ್ದ ಆ ಹುಡುಗನಿಗೆ ಮಹಾವೀರ ಚಕ್ರ ದೊರೆಯಿತು. ಪೃಥೀ ಚಂದ್, ಖುಶಾಲ್ ಚಂದ್ ಇಬ್ಬರಿಗೂ ಅದೇ ಗೌರವ ಸಂದಿತು.

ಈ ತಂಡದೊಂದಿಗೆ ಬಂದೂಕು ಹಿಡಿಯದ ಒಬ್ಬರಿದ್ದರು: ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು. ಲೇಹ್ ತಲುಪಿದೊಡನೆ ಅವರು ಊರವರನ್ನು ಕೂಡಿಸಿಕೊಂಡು ಸಿಂಧೂ ನದಿಯ ಬಳಿಯ ಬಯಲನ್ನು ಸಮಮಾಡತೊಡಗಿದರು. ಯಂತ್ರಗಳಿಲ್ಲ, ಇದ್ದದ್ದು ಗುದ್ದಲಿ, ಬುಟ್ಟಿ ಮತ್ತು ಜನರ ತೋಳಬಲ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ವಿಮಾನ ಇಳಿಯುವ ಬಯಲು ಸಿದ್ಧವಾಯಿತು. ಇಂದು ಲೇಹ್‌ನ ಆಸ್ಪತ್ರೆ ಅವರ ಹೆಸರನ್ನೇ ಹೊತ್ತಿದೆ.

ಆ ಬಯಲಿನ ಬೆಲೆ ಮೇ ತಿಂಗಳಿನಲ್ಲಿ ತಿಳಿಯಿತು. ಕಾರ್ಗಿಲ್ ಶತ್ರುವಿನ ವಶವಾಯಿತು. ಜೋಜಿಲಾದ ದಾರಿ ಮುಚ್ಚಿತು. ಲೇಹ್ ಒಂಟಿಯಾಯಿತು. ಆಗ ಆ ರಂಗದ ಸೇನಾ ಹೊಣೆ ಹೊತ್ತಿದ್ದವರು ನಮ್ಮ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯನವರು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಶಿಖರಗಳ ಮೇಲಿಂದ ಹಾರಿಸಿ ಲೇಹ್‌ನಲ್ಲಿ ಇಳಿಸಿದರು. ಅಷ್ಟು ಎತ್ತರದ ಹಾರಾಟಕ್ಕೆಂದು ಮಾಡಿದ ವಿಮಾನವಲ್ಲ ಅದು. ಆ ನೆಲದಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ಜನರಲ್ ತಿಮ್ಮಯ್ಯನವರು ತಾವೇ ಆ ವಿಮಾನದಲ್ಲಿ ಕುಳಿತು ಬಂದರು. ಕೈಕೆಳಗಿನವರನ್ನು ಕಳಿಸುವ ಮೊದಲು ತಾವು ಹೋಗಿ ನೋಡಿದ ಆ ನಾಯಕತ್ವ ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಅನಂತರ ಗೂರ್ಖಾ ಸಿಪಾಯಿಗಳು ವಿಮಾನದಲ್ಲಿ ಬಂದಿಳಿದರು. ಇನ್ನೊಂದು ಗೂರ್ಖಾ ಪಡೆ ಮನಾಲಿಯಿಂದ ಹೊರಟು ರೋಹತಾಂಗ್, ಬಾರಾಲಾಚಾ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಲೇಹ್ ಸೇರಿತು.

ಸ್ಕರ್ದುವಿನ ಕಥೆ ಬೇರೆಯಾಯಿತು. ಅಲ್ಲಿಯ ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಮತ್ತು ಅವರ ಸಿಪಾಯಿಗಳು 1948ರ ಫೆಬ್ರವರಿಯಿಂದ ಆರು ತಿಂಗಳು ಮುತ್ತಿಗೆಯನ್ನು ತಡೆದರು. ಆಶ್ರಯ ಬೇಡಿ ಬಂದ ನಾಗರಿಕರೂ ಅವರೊಂದಿಗಿದ್ದರು. ನೆರವಿಗೆ ಹೊರಟ ಪಡೆಗಳು ದಾರಿಯಲ್ಲಿ ಹೊಂಚುದಾಳಿಗೆ ಸಿಕ್ಕಿ ತಲುಪಲಾರದೆ ಹೋದವು. ವಿಮಾನದಿಂದ ಎಸೆದ ಸಾಮಗ್ರಿ ಸಾಲಲಿಲ್ಲ. ಅನ್ನವೂ ಗುಂಡೂ ಮುಗಿದ ಮೇಲೆ ಆಗಸ್ಟ್ 14ರಂದು ಕೋಟೆ ಶರಣಾಯಿತು. ಶರಣಾದವರಲ್ಲಿ ಅನೇಕರು ಹತರಾದರು. ಸ್ಕರ್ದುವಿನವರ ಶೌರ್ಯ ಲೇಹ್‌ನವರ ಶೌರ್ಯಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ಅಲ್ಲಿಗೆ ಹೊರೆ ತಲುಪಲಿಲ್ಲ, ಇಲ್ಲಿಗೆ ತಲುಪಿತು ಎಂಬ ಒಂದು ವ್ಯತ್ಯಾಸ ಎರಡು ಊರುಗಳ ಹಣೆಬರಹವನ್ನು ಬೇರೆ ಮಾಡಿತು.

1948ರ ನವೆಂಬರ್ 1ರಂದು ಜನರಲ್ ತಿಮ್ಮಯ್ಯನವರ ಯೋಜನೆಯಂತೆ ಟ್ಯಾಂಕುಗಳು ಜೋಜಿಲಾವನ್ನೇರಿದವು. ಅದೇ ತಿಂಗಳು ಕಾರ್ಗಿಲ್ ಮರಳಿ ಕೈಸೇರಿ ಲೇಹ್‌ನ ದಾರಿ ತೆರೆಯಿತು. ಟ್ಯಾಂಕುಗಳ ಆ ಸಾಹಸವನ್ನು ಬಲ್ಲವರು ಅನೇಕರು. ಆದರೆ ಟ್ಯಾಂಕು ತಲುಪುವವರೆಗೆ ಲೇಹ್ ಬದುಕಿರಬೇಕಾಗಿತ್ತಲ್ಲ! ಅದನ್ನು ಬದುಕಿಸಿಟ್ಟವರು ಫೆಬ್ರವರಿಯ ಹಿಮದಲ್ಲಿ ನಡೆದವರು.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ರಜೆಯಲ್ಲಿ ಕೊಡಗಿಗೆ ಹೋಗುವ ಕುಟುಂಬಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಜನರಲ್ಲರ ಕಥೆಯೊಂದಿಗೆ ಲಾಹೌಲಿನ ಆ ನಲವತ್ತು ಮಂದಿಯ ಕಥೆಯನ್ನೂ ಹಿರಿಯರು ಹೇಳಲಿ. ಮನಾಲಿಯಿಂದ ಅವರ ಕಣಿವೆಗೆ 2020ರಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆಯಿತು. ಅಂದು ದಿನಗಟ್ಟಲೆ ನಡೆಯಬೇಕಿದ್ದ ದಾರಿ ಇಂದು ನಿಮಿಷಗಳ ಪಯಣ.

ಅವರಲ್ಲಿ ಅನೇಕರ ಹೆಸರನ್ನು ನಾವು ಎಂದೂ ಕೇಳಿಲ್ಲ. ಹೆಸರು ತಿಳಿಯದವರಿಗೆ ಋಣ ತೀರಿಸುವ ಬಗೆಯೊಂದೇ: ನಮ್ಮ ಮನೆಯಲ್ಲಿ, ಊರಿನಲ್ಲಿ, ಕಾಣದಂತೆ ಹೊರೆ ಹೊರುತ್ತಿರುವವರನ್ನು ಗುರುತಿಸಿ, ಅವರು ಬದುಕಿರುವಾಗಲೇ ಗೌರವಿಸುವುದು. ಆ ಪಾಠವನ್ನು ನಮ್ಮ ಮಕ್ಕಳು ಕಲಿತರೆ ಜೋಜಿಲಾದ ಹಿಮದಲ್ಲಿ ಮೂಡಿದ ಆ ಹೆಜ್ಜೆಗಳು ಅಳಿಯಲಾರವು.