ಅಟ್ಟದಿಂದಿಳಿದ ಹಾಡು

ಯುಗಾದಿ ಹತ್ತಿರವಾದಂತೆ ಕುದೇರಿನ ಹಳೆಯ ಹೆಂಚಿನ ಮನೆಗಳಲ್ಲಿ ಅಟ್ಟ ಬರಿದಾಗತೊಡಗುತ್ತದೆ. ಸುಣ್ಣ ಬಳಿಯುವವನಿಗೆ ಎಡೆ ಬೇಕು. ವರ್ಷವಿಡೀ ಯಾರ ಕಣ್ಣಿಗೂ ಬೀಳದ ವಸ್ತುಗಳೆಲ್ಲ ಅಂದು ಜಗುಲಿಗೆ ಬರುತ್ತವೆ. ತೂತು ಬಿದ್ದ ಹಂಡೆ, ಕಾಲು ಮುರಿದ ತೊಟ್ಟಿಲು, ಗೆದ್ದಲು ಹತ್ತಿದ ಪಂಚಾಂಗಗಳ ಕಟ್ಟು. ಅವುಗಳ ನಡುವೆ ಯಾವುದೋ ಒಂದು ಮನೆಯಲ್ಲಿ ಗೋಣಿಯಲ್ಲಿ ಸುತ್ತಿದ, ಗಾತ್ರಕ್ಕೆ ಮೀರಿ ಭಾರವಾದ ಗಂಟೊಂದು ಇಳಿದರೆ ಆಶ್ಚರ್ಯವಿಲ್ಲ. ಬಿಚ್ಚಿದರೆ ಒಳಗೆ ಕರಿಯ ತಟ್ಟೆಗಳು. ತಟ್ಟೆಯ ನಡುವೆ ಮಾಸಿದ ಚೀಟಿ. ಚೀಟಿಯ ಮೇಲೆ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮೊಮ್ಮಗ ಅದನ್ನು ಗುಜರಿಯವನ ರಾಶಿಗೆ ಸೇರಿಸಲು ಹೊರಟರೆ, ಒಳಗಿನಿಂದ ಅಜ್ಜನ ದನಿ ಬರುತ್ತದೆ: “ಬಿಸಾಕಬ್ಯಾಡ ಕಣಾ, ಅದ್ರೊಳಗ ಹಾಡವ.”

ಹಾಡಿರುವುದೇನೋ ದಿಟ. ಅದನ್ನು ಹೊರಗೆ ತರುವ ಬಗೆ ಯಾವುದು? ಕೀಲಿ ಕೊಟ್ಟು ತಿರುಗಿಸುತ್ತಿದ್ದ ಪೆಟ್ಟಿಗೆ ಎಂದೋ ಕೆಟ್ಟು ಮೂಲೆ ಸೇರಿದೆ. ಕೆಡದೆ ಉಳಿದಿದ್ದರೂ ಅದರ ಮೇಲೆ ಹಾಕದಿರುವುದೇ ಕ್ಷೇಮ. ಹಾಡನ್ನು ಗಣಕಯಂತ್ರದ ಕಡತವನ್ನಾಗಿ ಮಾರ್ಪಡಿಸುವ ವಿದ್ಯೆ ಈಗ ಮನೆಯ ಮೇಜಿನ ಮೇಲೆಯೇ ಸಾಧ್ಯವಾಗಿದೆ. ವಿದ್ಯೆ ಸುಲಭವಾದುದರಿಂದಲೇ ಅವಸರವೂ ಹೆಚ್ಚಿದೆ. ಅವಸರದಲ್ಲಿ ಹಾಡು ಉಳಿದು, ಅದು ಯಾರ ಹಾಡೆಂಬುದು ಅಳಿಯುವ ಪ್ರಸಂಗಗಳೂ ಉಂಟು.

ಇಂಥ ಊರಿಗೆ ಈ ತಟ್ಟೆಗಳು ಬಂದ ದಾರಿ ಸ್ವಾರಸ್ಯಕರವಾದುದು. ಇಂದು ಜಿಲ್ಲಾ ಹಾಲು ಒಕ್ಕೂಟದ ಡೇರಿಯಿಂದ ಹೊರಗಿನವರಿಗೆ ಪರಿಚಿತವಾದ ಕುದೇರು, ಚಾಮರಾಜನಗರ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ಮೈಸೂರು ಜಿಲ್ಲೆಗೇ ಸೇರಿತ್ತು. ಸಂಗೀತದ ದಿಕ್ಕೂ ಅದೇ, ಪೇಟೆಯ ದಿಕ್ಕೂ ಅದೇ. ಗ್ರಾಮಫೋನಿಗೆ ವಿದ್ಯುತ್ತು ಬೇಕಿರಲಿಲ್ಲವಾಗಿ ದೀಪದ ಕಂಬ ಬರುವ ಮುನ್ನವೇ ಅದು ಹಳ್ಳಿಯ ಉಳ್ಳವರ ಜಗುಲಿಯನ್ನು ಸೇರಿತು. ಮುಂದೆ ಬಂದವನು ಮೈಕ್‌ಸೆಟ್ಟಿನವನು. ಮದುವೆಯ ಚಪ್ಪರಕ್ಕೂ ಜಾತ್ರೆಯ ಬಯಲಿಗೂ ಕಂಬದ ಮೇಲಿನ ಕೊಳವೆಯಿಂದ ಹಾಡು ಸುರಿಸಿದವನು ಅವನು. ಟೆಂಟ್ ಸಿನಿಮಾದವರು ಘಂಟಸಾಲರ ‘ನಮೋ ವೆಂಕಟೇಶಾ’ ತಟ್ಟೆ ಹಾಕಿದರೆಂದರೆ ಟಿಕೆಟ್ಟಿನ ಕಿಂಡಿ ತೆರೆಯಿತೆಂದೇ ಅರ್ಥ. ಗಡಿಯಾರವಿಲ್ಲದ ಜನಕ್ಕೆ ಅದೇ ಗಡಿಯಾರ.

ಆದರೆ ಈ ಸೀಮೆಯ ಸ್ವಂತ ಹಾಡು ತಟ್ಟೆಗೆ ಒಗ್ಗಲಿಲ್ಲ. 10 ಅಂಗುಲದ ತಟ್ಟೆಯ ಒಂದು ಮೈಗೆ ಹಿಡಿಯುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಕಂಸಾಳೆಯವರು ಮಾದಪ್ಪನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಗಟ್ಟಲೆ ಹಾಡುವವರು. ಮೂರು ನಿಮಿಷದಲ್ಲಿ ಅವರ ಸ್ತುತಿಪದವೂ ಮುಗಿಯದು. ಆದುದರಿಂದ ಅಟ್ಟದ ಗಂಟಿನಲ್ಲಿ ಸಿಕ್ಕುವುದು ಬಹುಮಟ್ಟಿಗೆ ಪೇಟೆಯಿಂದ ಬಂದ ಸರಕು: ನಾಟಕದ ಮಟ್ಟುಗಳು, ದೇವರನಾಮಗಳು, ಸಿನಿಮಾ ಹಾಡುಗಳು. ಅದೃಷ್ಟವಿದ್ದವರಿಗೆ ಬಿ. ಎಸ್. ರಾಜಯ್ಯಂಗಾರ್ಯರ ‘ಜಗದೋದ್ಧಾರನ’, ಇಲ್ಲವೆ ಮೋಹನಕುಮಾರಿ, ಸೋಹನಕುಮಾರಿಯರೊಡನೆ ಪಿ. ಕಾಳಿಂಗರಾಯರು ಹಾಡಿದ ಭಾವಗೀತೆ.

ಗಂಟಿನಲ್ಲಿರುವ ತಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನದು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯ ಅರಗೇ ಇದು. ಮರದ ರೆಂಬೆಗೆ ಮುತ್ತುವ ಅರಗಿನ ಹುಳು ಸುರಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ, ಹತ್ತಿಯ ನಾರು, ಮಸಿ ಬೆರೆಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಒತ್ತುವ ಕಾರ್ಖಾನೆ ಏರ್ಪಟ್ಟ ಮೇಲೆ ನಮ್ಮ ದೇಶದ ಅರಗು ನಮ್ಮ ದೇಶದ ಹಾಡನ್ನು ಇಲ್ಲಿಯೇ ಹೊರತೊಡಗಿತು. ಕೈತಪ್ಪಿ ಬಿದ್ದರೆ ಮಣ್ಣಿನ ಹೆಂಚಿನಂತೆ ಚೂರಾಗುವ ಗುಣ ಇದರದು. ಬಾಗಿಸಿದರೆ ಕೊಂಚ ಬಾಗುವ, ಹಗುರವಾದ, 33⅓ ಸುತ್ತಿನ ಅಥವಾ 45 ಸುತ್ತಿನ ತಟ್ಟೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅಮೆರಿಕೆಯಲ್ಲಿ 1948ರಲ್ಲಿ ಮೊದಲನೆಯದೂ 1949ರಲ್ಲಿ ಎರಡನೆಯದೂ ಹೊರಬಂದರೂ, ಭಾರತದಲ್ಲಿ 1960ರ ದಶಕದ ಕೊನೆಯವರೆಗೂ ಅರಗಿನ ತಟ್ಟೆ ಜೊತೆಜೊತೆಗೇ ಬಾಳಿತು.

ಈ ಭೇದ ತಿಳಿಯದೆ ತೊಳೆಯಲು ಹೊರಟವರು ಕೆಟ್ಟರು. ವಿನೈಲ್ ತಟ್ಟೆ ಸ್ಪಿರಿಟ್ಟನ್ನು ಸಹಿಸೀತು; ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಯು ಮೆರುಗೆಣ್ಣೆಗೆ ಅರಗನ್ನು ಕರಗಿಸುವುದೂ ಅದರಲ್ಲಿಯೇ ಅಲ್ಲವೆ? ಬಟ್ಟಿ ಇಳಿಸಿದ ನೀರು, ಅದಕ್ಕೆ ಒಂದೆರಡು ತೊಟ್ಟು ಮೃದುವಾದ ಸೋಪಿನ ದ್ರವ, ಮೆತ್ತನೆಯ ಬ್ರಷ್ಷು: ಇಷ್ಟೇ ಸಾಕು. ಗೆರೆಗಳ ದಿಕ್ಕಿನಲ್ಲಿಯೇ ಸವರಬೇಕು, ಚೀಟಿಗೆ ನೀರು ಸೋಕಬಾರದು, ನೆರಳಿನಲ್ಲಿ ಆರಬೇಕು. ಅರ್ಧ ಶತಮಾನದ ಧೂಳನ್ನು ತೊಳೆಯದೆ ಮುಳ್ಳು ಇಟ್ಟರೆ ಮುಳ್ಳೇ ನೇಗಿಲಾಗಿ ಧೂಳನ್ನು ಗೆರೆಯೊಳಕ್ಕೆ ಉಳುತ್ತದೆ.

ಮುಳ್ಳಿನ ಮಾತು ಇನ್ನೂ ಸೂಕ್ಷ್ಮ. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳು ತಾನು ಸವೆದು ಗೆರೆಯ ಆಕಾರಕ್ಕೆ ಒಗ್ಗಿಕೊಳ್ಳುತ್ತಿತ್ತು. ಅದಕ್ಕೆಂದೇ ತಟ್ಟೆಯಲ್ಲಿ ಕಲ್ಲಿನ ಪುಡಿ ಇದ್ದುದು. ಒಂದು ಮೈ ಹಾಡಿಸಿದ ಮೇಲೆ ಆ ಮುಳ್ಳನ್ನು ಬಿಸಾಡಬೇಕೆಂದು ನಿಯಮ. ನಿಯಮವನ್ನು ಪಾಲಿಸಿದವರೆಷ್ಟು ಮಂದಿ? ಡಬ್ಬಿಯ ಮುಳ್ಳು ತೀರಿದ ಮೇಲೆ ಪೇಟೆಗೆ ಹೋಗಿ ತರುವ ತನಕ ಅದನ್ನೇ ಮತ್ತೆ ಮತ್ತೆ ಹಾಕಿದ ಫಲವಾಗಿ ಮೆಚ್ಚಿನ ತಟ್ಟೆಗಳೇ ಹೆಚ್ಚು ಕೆರೆದುಹೋಗಿವೆ. ಈಗಿನ ತಿರುಗುಮೇಜಿನ ವಜ್ರದ ಮುಳ್ಳು ಸವೆಯುವುದು ಬಹಳ ನಿಧಾನ. ಆದರೆ ಅಳತೆ ತಪ್ಪಿದರೆ ಅದೂ ಕೇಡೇ. 78ರ ಗೆರೆ ಅಗಲವಾದುದು, ಅದರ ಮುಳ್ಳಿನ ತುದಿಯ ದುಂಡು ಸುಮಾರು 75 ಮೈಕ್ರಾನ್. ವಿನೈಲಿನ ಕಿರಿಗೆರೆಯ ಮುಳ್ಳು 18ರಿಂದ 25 ಮೈಕ್ರಾನ್. ಸಣ್ಣ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದ ಕಸದಲ್ಲಿ ಹೊರಳಾಡಿ ಬರೀ ಸೀಳುದನಿ ಹೊರಡಿಸುತ್ತದೆ. ಕೇಳಿದವರು “ತಟ್ಟೆ ಕೆಟ್ಟಿದೆ” ಎಂದು ತೀರ್ಪು ಕೊಟ್ಟುಬಿಡುತ್ತಾರೆ! ಅಮೆರಿಕೆಯ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ 78 ಸುತ್ತಿನ ತಟ್ಟೆಗಳ ಯೋಜನೆಯಲ್ಲಿ ಬೇರೆಬೇರೆ ಅಳತೆಯ ನಾಲ್ಕು ಮುಳ್ಳುಗಳನ್ನು ಒಂದೇ ತಟ್ಟೆಯ ಮೇಲೆ ಏಕಕಾಲಕ್ಕೆ ಓಡಿಸಿ, ಯಾವುದು ಚೆನ್ನಾಗಿ ಓದಿತೆಂದು ಆಮೇಲೆ ಆರಿಸುವ ಏರ್ಪಾಡು ಮಾಡಿದ್ದರು. ಮನೆಯಲ್ಲಿ ಅಷ್ಟು ಬೇಕಿಲ್ಲ. ಎರಡು ಮುಳ್ಳು ಸಾಕು.

ಇನ್ನು ವೇಗ. 78 ಎಂಬುದು ಹೆಸರಿಗೆ. ತೀರ ಹಳೆಯ ತಟ್ಟೆಗಳನ್ನು ಇದಕ್ಕಿಂತ ಹೆಚ್ಚೂ ಕಡಿಮೆಯೂ ಆದ ವೇಗಗಳಲ್ಲಿ ಮುದ್ರಿಸಿದ್ದುಂಟು. 78ರ ಬದಲು 73 ಅಥವಾ 74 ಸುತ್ತಿನಲ್ಲಿ ಹಾಡಿಸಿದರೆ ಇಡೀ ಹಾಡು ಒಂದು ಸ್ವರಸ್ಥಾನ ಕೆಳಗಿಳಿಯುತ್ತದೆ. ಕೋಮಲವಾದ ಹೆಣ್ಣುದನಿ ಗಡಸಾಗುತ್ತದೆ, ಚುರುಕಾದ ನಡೆ ತೂಕಡಿಸುತ್ತದೆ. ಹಾರ್ಮೋನಿಯಂ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶ್ರುತಿ ನೋಡಿಸುವುದು ಒಳ್ಳೆಯದು. ಇದು ಯಂತ್ರಕ್ಕಿಂತ ಕಿವಿಯ ಕೆಲಸ.

ಮುಂದಿನದು ತಂತಿ ಜೋಡಿಸುವ ಕೆಲಸ, ಅದಕ್ಕೆ ಹೆಚ್ಚು ಮಾತು ಬೇಡ. ತಿರುಗುಮೇಜಿನಿಂದ ಹೊರಡುವ ದುರ್ಬಲವಾದ ಸಂಜ್ಞೆಯನ್ನು ಪ್ರೀಆಂಪ್ಲಿಫೈಯರ್ ಬಲಪಡಿಸಿ, ತಗ್ಗುಸ್ವರ ಏರುಸ್ವರಗಳ ತೂಕವನ್ನು ಸರಿಪಡಿಸುತ್ತದೆ. ಸಂಜ್ಞೆಯನ್ನು ಅಂಕೆಗಳನ್ನಾಗಿಸುವ ಸಣ್ಣ ಪೆಟ್ಟಿಗೆಯೊಂದು ಅದನ್ನು ಗಣಕಯಂತ್ರಕ್ಕೆ ದಾಟಿಸುತ್ತದೆ. ಅಲ್ಲಿ ಆಡಾಸಿಟಿಯಂಥ ಉಚಿತ ತಂತ್ರಾಂಶ ಅದನ್ನು ಬರೆದುಕೊಳ್ಳುತ್ತದೆ. ಇವೆಲ್ಲವೂ ಒಂದರಲ್ಲೇ ಅಡಕವಾದ ಅಗ್ಗದ ಪೆಟ್ಟಿಗೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಕೆಲವದರ ಮುಳ್ಳಿನ ಭಾರ ಐದಾರು ಗ್ರಾಂ. ಒಳ್ಳೆಯ ತಿರುಗುಮೇಜಿನದು ಎರಡು ಗ್ರಾಂ ಆಸುಪಾಸು. ವಿನೈಲ್ ತಟ್ಟೆಗೆ ಈ ಅಂತರ ಸಣ್ಣದಲ್ಲ. ಮೂರು ನಿಮಿಷದ ಹಾಡಿಗೆ ಮೂರು ನಿಮಿಷ ಕಾಯಲೇಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ಕಡತ ಎಷ್ಟು ದೊಡ್ಡದಿರಬೇಕು? ಧ್ವನಿ ದಾಖಲೆಗಾರಗಳ ಅಂತರರಾಷ್ಟ್ರೀಯ ಸಂಘದವರ ಸಲಹೆಯಂತೆ, ಸೆಕೆಂಡಿಗೆ 96,000 ಬಾರಿ ಅಳೆದು ಪ್ರತಿ ಅಳತೆಯನ್ನೂ 24 ಬಿಟ್ಟುಗಳಲ್ಲಿ ಬರೆದರೆ, ಎರಡು ವಾಹಿನಿಗಳ ಮೂರು ನಿಮಿಷದ ಹಾಡು ನೂರು ಮೆಗಾಬೈಟನ್ನು ಮೀರುತ್ತದೆ. ಅದೇ ಹಾಡು ಸಾಧಾರಣ ಎಂಪಿ3 ಆದರೆ ಮೂರು ಮೆಗಾಬೈಟ್. ಮೊಬೈಲಿನಲ್ಲಿ ಕೇಳಲು ಮೂರು ಸಾಕು. ಆದರೆ ಎಂಪಿ3 ಹಿಂಡಿ ಎಸೆದದ್ದು ಮತ್ತೆ ಬಾರದು. ಮೊದಲ ಪ್ರತಿಯನ್ನು ದೊಡ್ಡದಾಗಿಯೇ ಇಟ್ಟು, ಅದರಿಂದ ಚಿಕ್ಕದನ್ನು ಇಳಿಸಿಕೊಳ್ಳುವುದು ವಿವೇಕ. ಅರಗಿನ ತಟ್ಟೆ ಇನ್ನೊಮ್ಮೆ ಹಾಡಲು ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಸದ್ದು ತೆಗೆಯುವ ಉತ್ಸಾಹವೂ ಮಿತಿಯಲ್ಲಿರಬೇಕು. ತಂತ್ರಾಂಶದ ಗುಂಡಿ ಒತ್ತಿದರೆ ಚಟಪಟ ಸದ್ದು, ಹಿಸ್ಸೆನ್ನುವ ಸದ್ದು ಮಾಯವಾಗುವುದು ನಿಜ. ಜೊತೆಗೆ ತಂಬೂರಿಯ ಝೇಂಕಾರವೂ ಮಾಯವಾಗುತ್ತದೆ. ಕುದೇರಿಗೆ ದೂರವಲ್ಲದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು, ದೊಡ್ಡ ಸಭೆಗೆ ದನಿ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಬಿಗಿದವರು. ಅಂಥವರ ತಟ್ಟೆಯನ್ನು ಅತಿಯಾಗಿ ಶುದ್ಧಿಮಾಡಿ, ಆ ಹೆಚ್ಚಿನ ತಂತಿಗಳ ಹೊಳಪನ್ನೇ ಒರೆಸಿಹಾಕಿದರೆ ಅದನ್ನು ಉಪಕಾರವೆನ್ನಬಹುದೆ? ಒರೆಸದ ಪ್ರತಿಯೊಂದು ಇದ್ದೇ ಇರಬೇಕು.

ಇಷ್ಟೆಲ್ಲ ಆದರೂ ಒಂದು ಕೆಲಸ ಉಳಿಯುತ್ತದೆ. ಜನ ಮರೆಯುವುದೂ ಅದನ್ನೇ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಮುದ್ರಣದ ಸಲಕರಣೆಗಳೊಡನೆ ಕಲ್ಕತ್ತೆಗೆ ಬಂದಾಗ ಗೋಹರ್ ಜಾನ್ ಎಂಬ ಗಾಯಕಿ ಕೊಳವೆಯ ಮುಂದೆ ಹಾಡಿದಳು. ಹಾಡು ಮುಗಿಯುತ್ತಲೇ, ತಾನು ಗೋಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಇದನ್ನು ಗರ್ವವೆಂದು ಬಗೆಯುವವರುಂಟು. ಸಂಗತಿ ಬೇರೆ: ಮೇಣದ ಮೂಲಮುದ್ರಿಕೆಗಳು ಒತ್ತುವುದಕ್ಕಾಗಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಅಲ್ಲಿನ ಕೆಲಸಗಾರರಿಗೆ ಈ ಭಾಷೆ ತಿಳಿಯದು, ಈ ರಾಗ ತಿಳಿಯದು, ಚೀಟಿಯ ಮೇಲೆ ಯಾರ ಹೆಸರು ಬರೆಯಬೇಕೆಂಬುದನ್ನು ಹಾಡಿದವರ ಬಾಯಿಂದಲೇ ಕೇಳಬೇಕಿತ್ತು. ಅದೇ ಗೋಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದು ಮೈಸೂರಿಗೆ ಬಂದಳು. 1930ರ ಜನವರಿ 17ರಂದು ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಚರಿತ್ರೆಯನ್ನು 2010ರಲ್ಲಿ ಗ್ರಂಥರೂಪಕ್ಕೆ ತಂದ ವಿಕ್ರಮ್ ಸಂಪತ್ ಅವರು ಮುಂದೆ ಬೆಂಗಳೂರಿನಲ್ಲಿ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸ್ಥಾಪಿಸಿ, ಇಂಥ ಅರಗಿನ ತಟ್ಟೆಗಳ ದನಿಯನ್ನು ಅಂತರಜಾಲದಲ್ಲಿ ಎಲ್ಲರ ಕಿವಿಗೂ ಮುಟ್ಟಿಸಿದರು. ಮುಂಬಯಿಯಲ್ಲಿ ತಟ್ಟೆ ಸಂಗ್ರಾಹಕರ ಸಂಘವೇ 1990ರಿಂದ ಇದೆ.

ಅಟ್ಟದ ತಟ್ಟೆಗೆ ಹೆಸರಿದೆ, ಏಕೆಂದರೆ ಚೀಟಿ ಇದೆ. ಕಡತಕ್ಕೆ ಚೀಟಿ ಎಲ್ಲಿಯದು? ‘ಟ್ರ್ಯಾಕ್ 01’ ಎಂದು ಗಣಕಯಂತ್ರ ತಾನಾಗಿ ಇಟ್ಟ ಹೆಸರಿನಲ್ಲಿ ಉಳಿದುಹೋದ ನಾಟಕದ ಹಾಡು ಹತ್ತು ವರ್ಷಗಳ ಮೇಲೆ ಅನಾಥ. ಹಾಡಿದವರು ಯಾರು, ಯಾವ ನಾಟಕ, ಯಾವ ರಾಗ, ಯಾವ ಕಂಪನಿ, ತಟ್ಟೆಯ ಸಂಖ್ಯೆ ಏನು, ಇಷ್ಟನ್ನೂ ಕಡತದೊಳಗೇ ಬರೆದಿಡಲು ಅವಕಾಶವಿದೆ. ಗೆರೆಗಳು ಮುಗಿದು ಚೀಟಿ ಆರಂಭವಾಗುವ ನಡುವಣ ನುಣುಪು ಪಟ್ಟಿಯಲ್ಲಿ ಸಣ್ಣ ಅಂಕಿಗಳನ್ನು ಒತ್ತಿರುತ್ತಾರೆ. ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಚೀಟಿ ಹರಿದಿದ್ದರೂ ಆ ಅಂಕಿಯಿಂದ ತಟ್ಟೆಯ ಜಾಡು ಹಿಡಿಯಬಹುದು. ಹಳೆಯ ಚೀಟಿಗಳ ಮೇಲೆ ಭಾಷೆಯ ಹೆಸರು ‘ಕ್ಯಾನರೀಸ್’ ಎಂದಿರುತ್ತದೆ, ಗಾಬರಿಯಾಗಬೇಕಿಲ್ಲ, ಅದು ಕನ್ನಡವೇ. ಚೀಟಿಯ ಎರಡೂ ಮೈಗಳ ಛಾಯಾಚಿತ್ರ ತೆಗೆದು ಕಡತದ ಪಕ್ಕದಲ್ಲಿಡಬೇಕು. ಅಜ್ಜನನ್ನು ಎದುರು ಕೂರಿಸಿಕೊಂಡು ತಟ್ಟೆ ಎಲ್ಲಿಂದ ಬಂತು, ಯಾರ ಮದುವೆಯಲ್ಲಿ ಹಾಕಿದ್ದರು ಎಂದು ಕೇಳಿ ಅದನ್ನೂ ಮುದ್ರಿಸಿಕೊಂಡರೆ, ಯಾವ ಕಂಪನಿಯ ಪಟ್ಟಿಯಲ್ಲಿಯೂ ಸಿಕ್ಕದ ಸಂಗತಿ ಸಿಕ್ಕುತ್ತದೆ.

ಕಾನೂನಿನ ಮಾತೂ ಒಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ ಬರೆದವರ, ಮಟ್ಟು ಹಾಕಿದವರ ಹಕ್ಕು ಅವರು ತೀರಿದ ಮೇಲೂ 60 ವರ್ಷ. ಮನೆಯಲ್ಲಿ ಕೇಳಲು ಮಾಡಿಕೊಂಡ ಪ್ರತಿಗೆ ಆತಂಕವಿಲ್ಲ. ಊರಿಗೆಲ್ಲ ಹಂಚುವ ಮುನ್ನ ಲೆಕ್ಕ ಹಾಕಬೇಕು. ಮೇಲೆ ಹೇಳಿದ ಅಮೆರಿಕೆಯ ಯೋಜನೆಯ ಮೇಲೂ 2023ರಲ್ಲಿ ರಿಕಾರ್ಡು ಕಂಪನಿಗಳು ದಾವೆ ಹೂಡಿದ್ದವು.

ಕೆಲಸ ಮುಗಿದ ಮೇಲೆ ತಟ್ಟೆಯನ್ನು ಗುಜರಿಗೆ ಹಾಕುವಂತಿಲ್ಲ. ನಾಳೆ ಇದಕ್ಕಿಂತ ಉತ್ತಮವಾದ ಮುಳ್ಳು ಬಂದೀತು. ಅಟ್ಟಕ್ಕೂ ಮತ್ತೆ ಏರಿಸಬಾರದು. ಹೆಂಚಿನ ಕೆಳಗಿನ ಬೇಸಿಗೆಯ ಝಳಕ್ಕೆ ವಿನೈಲ್ ಸೊಟ್ಟಗಾಗುತ್ತದೆ, ಒಂದರ ಮೇಲೊಂದು ಪೇರಿಸಿದ ಭಾರಕ್ಕೆ ಅರಗು ಬಿರಿಯುತ್ತದೆ. ಹೊಸ ಕಾಗದದ ಲಕೋಟೆಯಲ್ಲಿ, ನೆಟ್ಟಗೆ ನಿಲ್ಲಿಸಿ, ನಡುಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಇಡಬಹುದು. ಕಡತದ ಒಂದು ಪ್ರತಿ ಕುದೇರಿನಲ್ಲಿರಲಿ, ಇನ್ನೊಂದು ಮೊಮ್ಮಗನ ಜೊತೆ ಬೆಂಗಳೂರಿಗೆ ಹೋಗಲಿ. ಹಬ್ಬ ಮುಗಿಸಿ ಅವನು ಬಸ್ಸು ಹತ್ತುವ ಮುನ್ನ ಹೆಸರುಗಳನ್ನೆಲ್ಲ ಅಜ್ಜನಿಗೆ ಒಮ್ಮೆ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳಬೇಕು.