ಬ್ಯಾಕ್ಟೀರಿಯಾ ಬಸಿರಲ್ಲಿ ಡೀಸೆಲ್

ಹೊಂಗೆ ಬೀಜದಿಂದ ಬಯೊಡೀಸೆಲ್ ಮಾಡುವುದು ನಿಮಗೆ ಗೊತ್ತಿರಬಹುದು. ಬೀಜವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದು, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸಬೇಕು. ತಳದಲ್ಲಿ ಗ್ಲಿಸರಿನ್ ಕೂರುತ್ತದೆ. ಮೇಲೆ ನಿಂತದ್ದು ಡೀಸೆಲ್. ಗಿಡ, ಗಾಣ, ಹಂಡೆ ಈ ಮೂರರ ಕೆಲಸವನ್ನೂ ಒಂದೇ ಜೀವಕೋಶದೊಳಗೆ ಮುಗಿಸಲು ಸಾಧ್ಯವೆ?

ಸಾಧ್ಯವೆಂದು 2006ರಲ್ಲಿ ತೋರಿಸಿದವರು ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಸ್ಟೈನ್‌ಬ್ಯೂಷೆಲ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡಿದ್ದು ನಮ್ಮೆಲ್ಲರ ಕರುಳಲ್ಲಿ ಬಿಡಾರ ಹೂಡಿರುವ ಇ.ಕೋಲಿ ಬ್ಯಾಕ್ಟೀರಿಯಾ. ಅದಕ್ಕೆ ಎರಡು ಕಡೆಯಿಂದ ವಂಶವಾಹಿಗಳನ್ನು ತಂದು ಸೇರಿಸಿದರು. ಒಂದು, ಹೆಂಡ ಹುಳಿಯುವಾಗ ಕಾಣಿಸುವ ಝೈಮೊಮೊನಾಸ್ ಎಂಬ ಜೀವಾಣುವಿನದು. ಅದು ಸಕ್ಕರೆಯನ್ನು ಆಲ್ಕೊಹಾಲ್ ಮಾಡುತ್ತದೆ. ಇನ್ನೊಂದು, ಮಣ್ಣಲ್ಲಿರುವ ಅಸಿನೆಟೊಬ್ಯಾಕ್ಟರ್‌ನದು. ಅದರ ಕಿಣ್ವ ಆಲ್ಕೊಹಾಲನ್ನೂ ಕೊಬ್ಬಿನಾಮ್ಲವನ್ನೂ ಗಂಟು ಹಾಕುತ್ತದೆ. ಗಂಟು ಬಿದ್ದದ್ದೇ ಬಯೊಡೀಸೆಲ್! ಆದರೆ ಕೊಬ್ಬಿನಾಮ್ಲವನ್ನು ಹೊರಗಿನಿಂದಲೇ ಉಣಿಸಬೇಕಿತ್ತು. ಎಣ್ಣೆ ಕೊಟ್ಟು ಎಣ್ಣೆ ಪಡೆದ ಹಾಗಾಯಿತು.

ಇ.ಕೋಲಿಗೆ ಕೊಬ್ಬು ತಯಾರಿಸಲು ಬರುವುದಿಲ್ಲವೆಂದಲ್ಲ. ತನ್ನ ಪೊರೆಗೆ ಬೇಕಾದಷ್ಟು ಮಾಡಿಕೊಂಡು, ಸಾಕೆನಿಸಿದಾಗ ನಿಲ್ಲಿಸಿಬಿಡುತ್ತದೆ. ಆ 'ಸಾಕು' ಎಂಬ ಸೂಚನೆಯನ್ನೇ ತಪ್ಪಿಸಬೇಕು. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಅದನ್ನು ಸಾಧಿಸಿ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಕೊಬ್ಬಿನಾಮ್ಲವನ್ನು ಕತ್ತರಿಸಿ ಬಿಡಿಸುವ ಕಿಣ್ವವನ್ನು ಹೆಚ್ಚಿಸಿ, ಅದನ್ನು ಜೀವಾಣುವೇ ಮತ್ತೆ ತಿಂದುಹಾಕುವ ದಾರಿಯನ್ನು ಮುಚ್ಚಿದರು. ಈಗ ಬರೀ ಸಕ್ಕರೆ ಉಂಡು ಇ.ಕೋಲಿ ಡೀಸೆಲ್ ಕೊಡತೊಡಗಿತು.

ಎಷ್ಟು? ಲೀಟರ್ ಗಂಜಿಗೆ 674 ಮಿಲಿಗ್ರಾಂ. ಒಂದು ಲೀಟರ್ ಡೀಸೆಲ್ ಬೇಕೆಂದರೆ ಸುಮಾರು 1,300 ಲೀಟರ್ ಗಂಜಿ ಹುಳಿಯಬೇಕು.

ಇದನ್ನು ಸುಧಾರಿಸಬಹುದು, ಸುಧಾರಿಸಿದ್ದೂ ಉಂಟು. ಬಗ್ಗದಿರುವುದು ರಸಾಯನಶಾಸ್ತ್ರದ ಲೆಕ್ಕ. ಬ್ಯಾಕ್ಟೀರಿಯಾ ಎಷ್ಟೇ ನಿಯತ್ತಿನಿಂದ ದುಡಿದರೂ ಸಕ್ಕರೆಯ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಡೀಸೆಲ್ ಆಗಬಲ್ಲದು. ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಅಂದರೆ ಲೀಟರಿಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಸಕ್ಕರೆ. ಕಿರಾಣಿ ಅಂಗಡಿಯಲ್ಲಿ ಅಷ್ಟು ಸಕ್ಕರೆಯ ಬೆಲೆ ಕೇಳಿ, ಆಮೇಲೆ ಪೆಟ್ರೋಲ್ ಬಂಕಿನ ಫಲಕ ನೋಡಿ. ದುಡ್ಡಿನ ಮಾತು ಹಾಗಿರಲಿ, ಅದು ಯಾರದೋ ಮನೆಯ ಚಹಾಕ್ಕೆ ಹೋಗಬೇಕಾದ ಸಕ್ಕರೆ.

ಅದಕ್ಕೇ ಕೀಸ್ಲಿಂಗ್ ತಂಡ ತಮ್ಮ ಇ.ಕೋಲಿಗೆ ಹುಲ್ಲುಕಡ್ಡಿಯ ಹೆಮಿಸೆಲ್ಯುಲೋಸನ್ನು ಒಡೆದು ಉಣ್ಣುವ ವಿದ್ಯೆಯನ್ನೂ ಕಲಿಸಿತು. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲಿನಿಂದಲೇ ಇಂಧನ ಬರುವುದಾದರೆ ಯಾರ ತಟ್ಟೆಗೂ ಕೈ ಹಾಕಬೇಕಿಲ್ಲ. ಆದರೆ ಹುಲ್ಲಿನ ಹೆಮಿಸೆಲ್ಯುಲೋಸ್ ಬಿಡಿಯಾಗಿ ಸಿಗುವುದಿಲ್ಲ. ಲಿಗ್ನಿನ್ ಎಂಬ ಗಟ್ಟಿ ಅಂಟು ಅದನ್ನು ಅಪ್ಪಿ ಹಿಡಿದಿರುತ್ತದೆ. ಅದನ್ನು ಬಿಡಿಸಲು ಆಮ್ಲ, ಉಗಿ, ಒತ್ತಡ ಎಲ್ಲ ಬೇಕು. ಹಂಡೆ ಮತ್ತೆ ಒಲೆಯ ಮೇಲೇರಿತು!

ಆ ಸಂಶೋಧನೆಯಲ್ಲಿ ಕೈಜೋಡಿಸಿದ್ದ ಎಲ್‌ಎಸ್9 ಎಂಬ ಕಂಪನಿ 2014ರಲ್ಲಿ ಮಾರಾಟವಾಯಿತು. ಕೊಂಡದ್ದು ಕರಿದು ಬಿಟ್ಟ ಎಣ್ಣೆ, ಪ್ರಾಣಿಗಳ ಕೊಬ್ಬು ಮುಂತಾದವನ್ನು ಕಾಯಿಸಿ ಬಯೊಡೀಸೆಲ್ ಮಾಡುವ ಅಮೆರಿಕದ ಇನ್ನೊಂದು ಕಂಪನಿ.